ಎಲ್ಲ ಕೇಳಿದ ಮೇಲೆ ಕೇಳುವ ತೃಪ್ತಿ

ರಂಜಾನ್ ತಿಂಗಳ ಉಪವಾಸ ಎಂದೊಡನೆ ಬಹುಮಂದಿಗೆ ನೆನಪಾಗುವುದು ಸಂಜೆಯ ಹೊತ್ತು. ಸೂರ್ಯ ಮುಳುಗುತ್ತಿದ್ದಂತೆ ಮಸೀದಿಯಿಂದ ಕೇಳಿಬರುವ ಆಜಾನ್, ತಟ್ಟೆಯಲ್ಲಿ ಜೋಡಿಸಿಟ್ಟ ಖರ್ಜೂರ, ಹಣ್ಣಿನ ಹೋಳು, ಬಿಸಿ ಗಂಜಿ, ಬೀದಿಬದಿಯ ತಿಂಡಿ ಅಂಗಡಿಗಳ ಗದ್ದಲ. ಆದರೆ ರೋಜಾ ಶುರುವಾಗುವುದು ಸಂಜೆಯಲ್ಲಲ್ಲ, ಊರು ಇನ್ನೂ ನಿದ್ದೆಯಲ್ಲಿರುವ ಬೆಳಗಿನ ಜಾವದಲ್ಲಿ. ಮನೆಮಂದಿ ಎದ್ದು 'ಸಹರಿ'ಯ ಊಟ ಮುಗಿಸುವ ಹೊತ್ತು ಅದು. ಅಲ್ಲಿಂದ ಮುಂದೆ, ಕರ್ನಾಟಕದ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 13-14 ಗಂಟೆಗಳ ಕಾಲ ಒಂದು ಗುಟುಕು ನೀರೂ ಇಲ್ಲ. ಬೆಳಕು ಹರಿಯುವುದಕ್ಕೆ ಮುಂಚಿನ ಈ ಹೊತ್ತು ಪ್ರಾರ್ಥನೆಗೆ ಅತ್ಯಂತ ಪ್ರಶಸ್ತವೆಂಬುದು ಮುಸ್ಲಿಮರ ನಂಬಿಕೆ.

ಷಿಯಾ ಪಂಥದ ಮುಸ್ಲಿಮರು ಈ ಜಾವದಲ್ಲಿ ಓದುವ ಒಂದು ಸುದೀರ್ಘ ಪ್ರಾರ್ಥನೆ ಇದೆ. 'ದುವಾ ಅಬೂ ಹಂಜಾ ಸುಮಾಲಿ' ಎಂಬುದು ಅದರ ಹೆಸರು. ನಿಧಾನವಾಗಿ ಓದಿದರೆ ಒಂದು ಗಂಟೆಯಾದರೂ ಬೇಕು. ಪೂರ್ತಿ ಓದಲು ಬಿಡುವಿಲ್ಲದವರು ದಿನಕ್ಕಿಷ್ಟು ಎಂದು ಭಾಗ ಮಾಡಿಕೊಂಡು ಓದುವುದೂ ಉಂಟು. ಪಾಪ, ಸಾವು, ಸಾಲ, ಹಸಿವು, ಸೋಮಾರಿತನ ಎಲ್ಲವನ್ನೂ ದೇವರ ಮುಂದೆ ತೋಡಿಕೊಳ್ಳುವ ಈ ಪ್ರಾರ್ಥನೆ ಮುಗಿಯುವುದು ಮೂರು ಕೋರಿಕೆಗಳಿಂದ. ಹೃದಯವನ್ನು ಮುಟ್ಟುವಂಥ ವಿಶ್ವಾಸ ಬೇಕು ಎಂಬುದು ಮೊದಲನೆಯದು. ದೇವರು ಬರೆದದ್ದಲ್ಲದೆ ಬೇರೇನೂ ತನಗೆ ಒದಗದು ಎಂಬ ದೃಢ ನಿಶ್ಚಯ ಬೇಕು ಎಂಬುದು ಎರಡನೆಯದು. ಬದುಕಿನಲ್ಲಿ ತನ್ನ ಪಾಲಿಗೆ ಹಂಚಿಕೆಯಾದುದರಲ್ಲಿ ತೃಪ್ತಿ ಬೇಕು ಎಂಬುದು ಕೊನೆಯದು.

ಹೊಟ್ಟೆ ಖಾಲಿ ಇಟ್ಟುಕೊಳ್ಳುವ ತಿಂಗಳಲ್ಲಿ ತೃಪ್ತಿಯನ್ನು ಬೇಡುವುದು ಕೇಳಲು ವಿಚಿತ್ರವಾಗಿದೆ. ಬಡವನಿಗೆ 'ಇದ್ದುದರಲ್ಲೇ ಸುಖವಾಗಿರು' ಎಂದು ಹೇಳಿ ಬಾಯಿ ಮುಚ್ಚಿಸುವ ಉಪದೇಶ ಯಾವ ಧರ್ಮಕ್ಕೂ ಹೊಸದಲ್ಲ. ಈ ಪ್ರಾರ್ಥನೆಯೂ ಅದನ್ನೇ ಹೇಳುತ್ತದೆಯೇ? ಉತ್ತರ ಬೇಕಾದರೆ ಅದನ್ನು ಹೇಳಿದವರು ಯಾರು, ಯಾವ ಸನ್ನಿವೇಶದಲ್ಲಿ ಹೇಳಿದರು, ಕೊನೆಯ ಕೋರಿಕೆಗೆ ಮುಂಚೆ ಏನೇನು ಕೇಳಿದರು ಎಂಬುದನ್ನು ನೋಡಬೇಕಾಗುತ್ತದೆ.

ಕರ್ಬಲಾದಲ್ಲಿ ಉಳಿದ ಮಗ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಹಿಂದೂ-ಮುಸ್ಲಿಮರೆನ್ನದೆ ಜನ ಅಲಾಯಿ ಕುಣಿಯ ಸುತ್ತ ಸೇರುತ್ತಾರೆ. ಹಸನ್-ಹುಸೇನರ ಕಥೆಯನ್ನು ರಿವಾಯತ ಪದಗಳಾಗಿ ಕನ್ನಡದಲ್ಲೇ ಹಾಡುತ್ತಾರೆ. ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರು ಕ್ರಿ.ಶ. 680ರ ಅಕ್ಟೋಬರ್‌ನಲ್ಲಿ, ಇಂದಿನ ಇರಾಕಿನಲ್ಲಿರುವ ಕರ್ಬಲಾದ ಬಯಲಿನಲ್ಲಿ, ನೀರಿಗೂ ಗತಿಯಿಲ್ಲದೆ ತಮ್ಮವರೊಂದಿಗೆ ಹತರಾದ ಕಥೆ ಅದು. ಆ ಪದಗಳಿಂದಾಗಿ ಕರ್ಬಲಾ ಕನ್ನಡಿಗರಿಗೆ ಅಪರಿಚಿತ ಹೆಸರೇನಲ್ಲ.

ಆ ದಿನ ಹುಸೇನರ ಡೇರೆಯಲ್ಲಿ ಕಾಯಿಲೆಯಿಂದ ಮಲಗಿದ್ದ ಮಗನೊಬ್ಬನಿದ್ದ. ಎದ್ದು ಕತ್ತಿ ಹಿಡಿಯುವ ಶಕ್ತಿ ಇಲ್ಲದ್ದರಿಂದಲೇ ಆತ ಬದುಕಿ ಉಳಿದ. ಅವರೇ ಅಲಿ ಇಬ್ನ್ ಹುಸೇನ್. ಆಗ ಅವರಿಗೆ ಇಪ್ಪತ್ತರ ಹರೆಯ. ಸೆರೆಯಾದ ಹೆಂಗಸರು ಮಕ್ಕಳೊಂದಿಗೆ ಅವರನ್ನು ಕೂಫಾಕ್ಕೂ, ಅಲ್ಲಿಂದ ಉಮಯ್ಯದ್ ಅರಸರ ರಾಜಧಾನಿ ಡಮಾಸ್ಕಸ್‌ಗೂ ಒಯ್ಯಲಾಯಿತು. ಬಿಡುಗಡೆಯಾದ ಮೇಲೆ ಮದೀನಾಕ್ಕೆ ಮರಳಿದ ಅವರು ಸುಮಾರು 713ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ಮೂವತ್ತಕ್ಕೂ ಹೆಚ್ಚು ವರ್ಷ, ರಾಜಕೀಯದಿಂದ ದೂರವೇ ಉಳಿದರು. ಷಿಯಾಗಳಿಗೆ ಅವರು ನಾಲ್ಕನೆಯ ಇಮಾಮರು. ಉಪಾಸಕರ ಅಲಂಕಾರ ಎಂಬ ಅರ್ಥದಲ್ಲಿ 'ಜೈನುಲ್ ಆಬಿದೀನ್' ಎಂದೂ, ಮತ್ತೆ ಮತ್ತೆ ನೆಲಕ್ಕೆ ಹಣೆ ಹಚ್ಚುವವರು ಎಂಬ ಅರ್ಥದಲ್ಲಿ 'ಸಜ್ಜಾದ್' ಎಂದೂ ಅವರನ್ನು ಕರೆಯುತ್ತಾರೆ. ಸುನ್ನಿ ಪಂಥದ ವಿದ್ವಾಂಸರೂ ಅವರನ್ನು ಹಿರಿಯ ಭಕ್ತರೆಂದು, ನಂಬಲರ್ಹ ಹದೀಸ್ ನಿರೂಪಕರೆಂದು ಗೌರವಿಸುತ್ತಾರೆ.

ಬಹಿರಂಗವಾಗಿ ಮಾತನಾಡಲು ಅವಕಾಶವಿಲ್ಲದ ಕಾಲದಲ್ಲಿ ಅವರು ಆರಿಸಿಕೊಂಡ ದಾರಿ ಪ್ರಾರ್ಥನೆ. ಅವರದೆಂದು ಬಂದಿರುವ 54 ಪ್ರಾರ್ಥನೆಗಳ ಸಂಗ್ರಹ 'ಸಹೀಫಾ ಸಜ್ಜಾದಿಯಾ'. ಇದರ 44ನೆಯ ಪ್ರಾರ್ಥನೆ ರಂಜಾನ್ ತಿಂಗಳನ್ನು ಸ್ವಾಗತಿಸುವಂಥದು, 45ನೆಯದು ಅದನ್ನು ಬೀಳ್ಕೊಡುವಂಥದು. ಅಮೆರಿಕದ ವಿದ್ವಾಂಸ ವಿಲಿಯಂ ಚಿಟಿಕ್ ಇದನ್ನು 1980ರ ದಶಕದಲ್ಲಿ ಇಂಗ್ಲಿಷಿಗೆ ಅನುವಾದಿಸಿದರು. ಅಬೂ ಹಂಜಾ ಹೆಸರಿನ ಪ್ರಾರ್ಥನೆ ಈ ಸಂಗ್ರಹದಲ್ಲಿಲ್ಲ. ಅದು ಬೇರೆ ದಾರಿಯಿಂದ ಬಂದದ್ದು.

ಬಾಯಿಂದ ಹೊತ್ತಗೆಗೆ

ಅಬೂ ಹಂಜಾ ಸುಮಾಲಿ ಕೂಫಾ ನಗರದವರು. ನಿಜವಾದ ಹೆಸರು ಸಾಬಿತ್. ಇಮಾಮರ ಶಿಷ್ಯರಲ್ಲಿ ಒಬ್ಬರಾದ ಅವರು ಸುಮಾರು 767ರಲ್ಲಿ ತೀರಿಕೊಂಡರು. ಇಮಾಮರು ರಂಜಾನ್ ರಾತ್ರಿಯ ಬಹುಭಾಗವನ್ನು ನಮಾಜಿನಲ್ಲಿ ಕಳೆಯುತ್ತಿದ್ದರು, ಬೆಳಗಿನ ಜಾವವಾದಾಗ ಈ ಪ್ರಾರ್ಥನೆಯನ್ನು ಹೇಳುತ್ತಿದ್ದರು ಎಂದು ತಿಳಿಸಿದವರು ಅವರೇ. ಹೇಳಿದವರ ಹೆಸರಿನ ಬದಲು ಕೇಳಿಸಿಕೊಂಡು ಉಳಿಸಿದವರ ಹೆಸರು ಪ್ರಾರ್ಥನೆಗೆ ಅಂಟಿಕೊಂಡಿರುವುದು ಸ್ವಾರಸ್ಯದ ಸಂಗತಿ.

ಇದನ್ನು ತಮ್ಮ ಗ್ರಂಥದಲ್ಲಿ ದಾಖಲಿಸಿದ ಹಿರಿಯ ವಿದ್ವಾಂಸರು ಶೇಖ್ ತೂಸಿ. ಇರಾನಿನ ತೂಸ್‌ನಲ್ಲಿ 995ರಲ್ಲಿ ಹುಟ್ಟಿ ಬಗ್ದಾದಿಗೆ ಬಂದು ನೆಲೆಸಿದ್ದ ಅವರ ಗ್ರಂಥಭಂಡಾರ ಸೆಲ್ಜುಕ್ ತುರ್ಕರು ನಗರವನ್ನು ಹಿಡಿದ ನಂತರದ ಗಲಭೆಗಳಲ್ಲಿ ಸುಟ್ಟುಹೋಯಿತು. ಆಮೇಲೆ ಅವರು ನಜಫ್‌ಗೆ ಹೋಗಿ 1067ರಲ್ಲಿ ಅಲ್ಲೇ ನಿಧನರಾದರು. ವರ್ಷವಿಡೀ ಮಾಡಬೇಕಾದ ಆರಾಧನೆಗಳನ್ನು ಕುರಿತ ಅವರ 'ಮಿಸ್ಬಾಹುಲ್ ಮುತಹಜ್ಜಿದ್' ಗ್ರಂಥದಲ್ಲಿ ಈ ಪ್ರಾರ್ಥನೆ ಇದೆ. 13ನೆಯ ಶತಮಾನದಲ್ಲಿ ಇಬ್ನ್ ತಾವೂಸ್ ಅವರು ತಮ್ಮ 'ಇಕ್ಬಾಲ್' ಗ್ರಂಥದಲ್ಲಿ ಅದನ್ನು ಸೇರಿಸಿದರು. 20ನೆಯ ಶತಮಾನದಲ್ಲಿ ಅಬ್ಬಾಸ್ ಕುಮ್ಮಿ ಅವರು ಸಂಕಲಿಸಿದ 'ಮಫಾತೀಹುಲ್ ಜಿನಾನ್' ಎಂಬ ಪ್ರಾರ್ಥನಾ ಪುಸ್ತಕದ ಮೂಲಕ ಅದು ಷಿಯಾ ಮನೆಮನೆಯನ್ನು ತಲುಪಿತು.

ಇಮಾಮರ ಕಾಲಕ್ಕೂ ತೂಸಿಯವರ ಗ್ರಂಥಕ್ಕೂ ಮೂರು ಶತಮಾನಗಳಿಗೂ ಹೆಚ್ಚಿನ ಅಂತರವಿದೆ. ಅಷ್ಟು ಕಾಲ ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಸಾಗಿದ ಮಾತುಗಳನ್ನು ಇತಿಹಾಸಕಾರರು ಎಚ್ಚರಿಕೆಯಿಂದಲೇ ನೋಡುತ್ತಾರೆ. ಆದರೆ ಓದುವ ಭಕ್ತರ ಪಾಲಿಗೆ ಅದು ಕರ್ಬಲಾದಲ್ಲಿ ಎಲ್ಲವನ್ನೂ ಕಳೆದುಕೊಂಡವರೊಬ್ಬರ ದನಿ.

ಷಿಯಾ ಸಂಪ್ರದಾಯ ಕರ್ನಾಟಕಕ್ಕೆ ಹೊಸದೇನಲ್ಲ. ವಿಜಾಪುರದ ಆದಿಲ್‌ಶಾಹಿ ಮನೆತನವನ್ನು ಸ್ಥಾಪಿಸಿದ ಯೂಸುಫ್ ಆದಿಲ್ ಶಾ 16ನೆಯ ಶತಮಾನದ ಆರಂಭದಲ್ಲೇ ಅದನ್ನು ರಾಜ್ಯದ ಪಂಥವೆಂದು ಸಾರಿದ್ದ. ಇಂದು ರಾಜ್ಯದ ಮುಸ್ಲಿಮರಲ್ಲಿ ಷಿಯಾಗಳು ಅಲ್ಪಸಂಖ್ಯಾತರು. ಆದರೂ ಗೌರಿಬಿದನೂರು ತಾಲ್ಲೂಕಿನ ಅಲೀಪುರದಂಥ ಊರಿನಲ್ಲಿ ಅವರದೇ ಬಹುಸಂಖ್ಯೆ.

ತೂಕಡಿಕೆಯ ಲೆಕ್ಕಾಚಾರ

ಪ್ರಾರ್ಥನೆಯ ಒಳಗೆ ಇಳಿದರೆ ಮೊದಲು ಗಮನ ಸೆಳೆಯುವುದು ಅದರ ಸಲಿಗೆ. ದೇವರ ಗುಣಗಾನಕ್ಕಿಂತ ಹೆಚ್ಚಾಗಿ ಅದು ದೇವರೊಂದಿಗಿನ ಮಾತುಕತೆಯಂತಿದೆ. ತಾನು ಕರೆದಾಗಲೆಲ್ಲ ದೇವರು ಓಗೊಡುತ್ತಾನೆ, ಆದರೆ ದೇವರು ಕರೆದಾಗ ತಾನು ಮಾತ್ರ ನಿಧಾನ ಮಾಡುತ್ತೇನೆ ಎಂದು ಭಕ್ತ ಒಪ್ಪಿಕೊಳ್ಳುತ್ತಾನೆ.

ಒಂದೆಡೆ ತೂಕಡಿಕೆಯ ಪ್ರಸ್ತಾಪ ಬರುತ್ತದೆ. ಇನ್ನೇನು ಪ್ರಾರ್ಥನೆಗೆ ಸಜ್ಜಾದೆ ಎನ್ನುವಾಗಲೇ ನಿದ್ದೆ ಏಕೆ ಬರುತ್ತದೆ ಎಂದು ಭಕ್ತ ತನ್ನನ್ನೇ ವಿಚಾರಣೆ ಮಾಡಿಕೊಳ್ಳುತ್ತಾನೆ. ದೇವರ ಹಕ್ಕನ್ನು ತಾನು ಹಗುರವಾಗಿ ಕಂಡದ್ದಕ್ಕೋ? ಸುಳ್ಳುಗಾರರ ಸಾಲಿಗೆ ಸೇರಿದ್ದಕ್ಕೋ? ಬಲ್ಲವರ ಕೂಟಕ್ಕೆ ಹೋಗದೆ ಕಾಡುಹರಟೆಯವರ ಜೊತೆ ಕುಳಿತದ್ದಕ್ಕೋ? ಕಾರಣಗಳ ಪಟ್ಟಿ ಹೀಗೆ ಬೆಳೆಯುತ್ತದೆ. ನಿದ್ದೆಗಣ್ಣಿನಲ್ಲಿ ಎದ್ದು ಸಹರಿ ಮುಗಿಸಿ ಕುಳಿತವರಿಗೆ ಇದಕ್ಕಿಂತ ಹತ್ತಿರದ ಮಾತು ಇರಲಾರದು.

ಇನ್ನೊಂದೆಡೆ ವಕೀಲಿಯ ಧಾಟಿ ಇದೆ. ಅನ್ಯಾಯ ಮಾಡಿದವರನ್ನು ಕ್ಷಮಿಸಿ ಎಂದು ದೇವರೇ ಅಪ್ಪಣೆ ಕೊಟ್ಟಿದ್ದಾನೆ. ನಾವು ನಮಗೇ ಅನ್ಯಾಯ ಮಾಡಿಕೊಂಡಿದ್ದೇವೆ, ಆದ್ದರಿಂದ ಅವನೂ ನಮ್ಮನ್ನು ಕ್ಷಮಿಸಬೇಕು. ಬೇಡಲು ಬಂದವರನ್ನು ಬಾಗಿಲಿನಿಂದ ಬರಿಗೈಯಲ್ಲಿ ಕಳಿಸಬಾರದೆಂದು ಆಜ್ಞಾಪಿಸಿದವನೂ ಅವನೇ. ಈಗ ನಾವು ಅವನ ಬಾಗಿಲಿಗೆ ಬೇಡಲು ಬಂದಿದ್ದೇವೆ. ಹೀಗೆ ದೇವರ ಕಾನೂನನ್ನೇ ಹಿಡಿದು ದೇವರ ಮುಂದೆ ವಾದ ಮಂಡಿಸಲಾಗುತ್ತದೆ.

ಬೇಡಿಕೆಗಳಿಗೂ ಇಲ್ಲಿ ಕೊರತೆ ಇಲ್ಲ. ಧಾರಾಳವಾದ ಜೀವನೋಪಾಯ, ಸಾಲದಿಂದ ಮುಕ್ತಿ, ಹಜ್ ಯಾತ್ರೆಯ ಭಾಗ್ಯ ಎಲ್ಲವನ್ನೂ ಭಕ್ತ ಕೇಳುತ್ತಾನೆ. ತಾನು ಹಸಿದಿದ್ದೆ, ದೇವರು ಉಣಿಸಿದ. ಬಾಯಾರಿದ್ದೆ, ನೀರು ಕೊಟ್ಟ. ಬಡವನಾಗಿದ್ದೆ, ಸ್ಥಿತಿವಂತನಾಗಿ ಮಾಡಿದ ಎಂದು ನೆನೆಯುತ್ತಾನೆ. ಸೋಮಾರಿತನ, ಹೇಡಿತನ, ಜಿಪುಣತನ, ಬಡತನ ಇವುಗಳಿಂದ ಕಾಪಾಡು ಎನ್ನುತ್ತಾನೆ. ಅದೇ ಸಾಲಿನಲ್ಲಿ ತೃಪ್ತಿಯಿಲ್ಲದ ಮನಸ್ಸು ಹಾಗೂ ತುಂಬದ ಹೊಟ್ಟೆಯಿಂದಲೂ ರಕ್ಷಣೆ ಬೇಡುತ್ತಾನೆ. ಬಡತನ ಮತ್ತು ಅತೃಪ್ತಿ ಎರಡೂ ಇಲ್ಲಿ ಪಾರಾಗಬೇಕಾದ ಕಷ್ಟಗಳೇ. ಒಂದನ್ನು ಸಹಿಸಿಕೊಂಡರೆ ಇನ್ನೊಂದು ತಾನೇ ಹೋಗುತ್ತದೆ ಎಂಬ ಮಾತು ಎಲ್ಲೂ ಇಲ್ಲ.

ಈಮಾನ್, ರಾಜಿ, ಕಿಸ್ಮತ್

ಕೊನೆಯ ಕೋರಿಕೆಗಳಲ್ಲಿ ಬರುವ ಅರಬ್ಬಿ ಪದಗಳು ಕನ್ನಡಿಗರಿಗೆ ತೀರಾ ದೂರದವಲ್ಲ. ವಿಶ್ವಾಸಕ್ಕೆ ಅಲ್ಲಿರುವ ಪದ 'ಈಮಾನ್'. ಮಾತಿಗೆ ತಪ್ಪಿದವನನ್ನು 'ಬೇಇಮಾನಿ' ಎಂದು ಬೈಯುವಾಗ ನಾಲಿಗೆಗೆ ಬರುವುದೂ ಅದೇ ಪದ. ಭಯವಿಲ್ಲದ ನೆಮ್ಮದಿ, ಸುರಕ್ಷತೆ ಎಂಬುದು ಅದರ ಮೂಲಧಾತುವಿನ ಅರ್ಥ. ಆ ವಿಶ್ವಾಸ ಹೃದಯವನ್ನು 'ಮುಟ್ಟಬೇಕು' ಎನ್ನುವಲ್ಲಿ ಬಳಕೆಯಾದ ಕ್ರಿಯಾಪದ, ಚರ್ಮಕ್ಕೆ ಅರಬ್ಬಿಯಲ್ಲಿರುವ 'ಬಶರಾ' ಎಂಬ ಪದಕ್ಕೆ ಸಂಬಂಧಿಸಿದ್ದು. ನಡುವೆ ಬಟ್ಟೆಯ ಅಡ್ಡವೂ ಇಲ್ಲದೆ ಚರ್ಮಕ್ಕೆ ಚರ್ಮ ತಾಗುವಂಥ ಸ್ಪರ್ಶ ಅದು. ತಲೆಯಲ್ಲಿ ಒಪ್ಪಿಕೊಂಡ ಸಿದ್ಧಾಂತ ಸಾಲದು, ಅದು ಒಳಗೆ ತಾಗಬೇಕು ಎಂಬುದು ಇಂಗಿತ.

ತೃಪ್ತಿಗೆ ಅಲ್ಲಿರುವುದು 'ರಿಜಾ' ಪದದ ಬಳಗಕ್ಕೆ ಸೇರಿದ ಮಾತು. ಕೋರ್ಟು-ಕಚೇರಿಗಳಲ್ಲಿ ಕೇಳಿಬರುವ 'ರಾಜಿ'ಗೂ ಅದೇ ಮೂಲ. ಒಪ್ಪಿಗೆಯ ಪತ್ರ ಎಂಬ ಅರ್ಥದಲ್ಲಿ ಪಾರ್ಸಿಯಿಂದ ಬಂದ 'ರಾಜೀನಾಮೆ' ಕನ್ನಡದಲ್ಲಿ ಹುದ್ದೆ ಬಿಡುವ ಪತ್ರವಾಗಿ ನಿಂತಿದೆ. ಆದರೆ ಪ್ರಾರ್ಥನೆಯ ರಿಜಾ ಸೋತು ಮಾಡಿಕೊಳ್ಳುವ ರಾಜಿಯಲ್ಲ, ಕೈಚೆಲ್ಲಿ ಕೊಡುವ ರಾಜೀನಾಮೆಯೂ ಅಲ್ಲ. ಮನಸಾರೆ ಒಪ್ಪುವುದು, ಮೆಚ್ಚಿ ಸ್ವೀಕರಿಸುವುದು ಎಂಬುದು ಅದರ ಭಾವ.

'ಹಂಚಿಕೆಯಾದುದು' ಎನ್ನುವಲ್ಲಿರುವ ಧಾತು 'ಕಿಸ್ಮತ್'ನದು. ಹಣೆಬರಹ ಎಂದು ಸಾಮಾನ್ಯವಾಗಿ ಅರ್ಥಮಾಡಿಕೊಳ್ಳುವ ಆ ಪದದ ಮೂಲಾರ್ಥ ಭಾಗ, ಪಾಲು. ಪಾಲು ಎಂದ ಮೇಲೆ ಬೇರೆಯವರಿಗೂ ಪಾಲುಗಳಿವೆ ಎಂದಾಯಿತು. ತನ್ನ ಪಾಲಿನಲ್ಲಿ ತೃಪ್ತನಾದವನು ಇನ್ನೊಬ್ಬರ ಪಾಲಿಗೆ ಕೈ ಹಾಕಲಾರ.

ಎರಡು ಪಂಥ, ಒಂದೇ ಕೋರಿಕೆ

ಕೋರಿಕೆಯ ಈ ಮಾತುಗಳು ಷಿಯಾಗಳಿಗೆ ಮಾತ್ರ ಸೀಮಿತವಾಗಿಲ್ಲ ಎಂಬುದು ಗಮನಾರ್ಹ. ಬಹುತೇಕ ಇದೇ ಮಾತುಗಳು ಸುನ್ನಿ ಹದೀಸ್ ಸಂಗ್ರಾಹಕ ತಬರಾನಿಯವರ ಗ್ರಂಥದಲ್ಲೂ ಸಿಗುತ್ತವೆ. ಅಲ್ಲಿ ಇದು ಆದಿಮಾನವ ಆದಮರು ಸ್ವರ್ಗದ ತೋಟದಿಂದ ಭೂಮಿಗಿಳಿದ ಮೇಲೆ ಮಾಡಿದ ಪ್ರಾರ್ಥನೆ. ಈ ವರದಿಯ ನಿರೂಪಕರ ಸರಪಳಿ ದುರ್ಬಲ ಎಂದು ಹದೀಸ್ ವಿದ್ವಾಂಸರು ಟಿಪ್ಪಣಿ ಮಾಡಿದ್ದಾರೆ. ಆದರೂ ಆ ಕಲ್ಪನೆ ಅರ್ಥಪೂರ್ಣವಾಗಿದೆ. ಬೇಕಾದುದೆಲ್ಲ ಕೈಗೆಟುಕುತ್ತಿದ್ದ ತೋಟವನ್ನು ಕಳೆದುಕೊಂಡವರೊಬ್ಬರು, ಬೆವರು ಸುರಿಸಿ ಉಣ್ಣಬೇಕಾದ ನೆಲದ ಮೇಲೆ ನಿಂತು, ತಮಗೆ ದಕ್ಕುವ ಪಾಲಿನಲ್ಲಿ ತೃಪ್ತಿಯನ್ನು ಕೇಳುತ್ತಾರೆ.

ಸುನ್ನಿಗಳು ಬಹುವಾಗಿ ಗೌರವಿಸುವ 'ಸಹೀಹ್ ಮುಸ್ಲಿಂ' ಸಂಗ್ರಹದಲ್ಲೂ ಇದೇ ಆಶಯದ ಪ್ರವಾದಿ ವಚನವಿದೆ. ಧರ್ಮಕ್ಕೆ ಶರಣಾಗಿ, ಸಾಕಾಗುವಷ್ಟು ಜೀವನೋಪಾಯ ದೊರೆತು, ದೊರೆತುದರಲ್ಲಿ ದೇವರಿಂದ ತೃಪ್ತಿಯನ್ನೂ ಪಡೆದವನು ಗೆದ್ದ ಎಂಬುದು ಅದರ ಸಾರಾಂಶ. 'ಸಾಕಾಗುವಷ್ಟು' ಎಂಬ ಷರತ್ತು ಅಲ್ಲಿರುವುದನ್ನು ಮರೆಯುವಂತಿಲ್ಲ.

ತೃಪ್ತಿ ಎಂದರೆ ಸುಮ್ಮನಿರುವುದೇ?

'ಸಹೀಫಾ'ದ ಪ್ರಾರ್ಥನೆಗಳ ಅನುಕ್ರಮವೂ ಇಲ್ಲಿ ನೆರವಿಗೆ ಬರುತ್ತದೆ. ಉಳ್ಳವರನ್ನು ಕಂಡಾಗ ಮನಸ್ಸು ಕೆಡದಂತೆ ತೃಪ್ತಿಯನ್ನು ಬೇಡುವ ಪ್ರಾರ್ಥನೆ 35ನೆಯದು. ಆದರೆ ಅದಕ್ಕೂ ಮುಂಚೆಯೇ, ಜೀವನೋಪಾಯ ಬಿಗಿಯಾದಾಗ ಹೇಳುವ 29ನೆಯ ಪ್ರಾರ್ಥನೆ, ಸಾಲ ತೀರಿಸಲು ಸಹಾಯ ಬೇಡುವ 30ನೆಯ ಪ್ರಾರ್ಥನೆ ಬಂದಿರುತ್ತವೆ. ಸಾಲಗಾರನ ನಿದ್ದೆಗೆಟ್ಟ ರಾತ್ರಿಗಳ ಅರಿವಿಲ್ಲದ ಉಪದೇಶ ಇದಲ್ಲ.

ಉಪವಾಸದ ನಿಯಮಗಳೂ ಇದಕ್ಕೆ ಹೊಂದುತ್ತವೆ. ಹಿಜರಿ ಎರಡನೆಯ ವರ್ಷ, ಅಂದರೆ ಕ್ರಿ.ಶ. 624ರಲ್ಲಿ, ರಂಜಾನ್ ಉಪವಾಸ ಕಡ್ಡಾಯವಾದಾಗಲೇ ರೋಗಿಗಳಿಗೆ ಮತ್ತು ಪ್ರಯಾಣಿಕರಿಗೆ ವಿನಾಯಿತಿ ಇತ್ತು. ಬೇರೆ ದಿನಗಳಲ್ಲಿ ಆ ಲೆಕ್ಕ ತುಂಬಿಸಿದರಾಯಿತು. ವಾಸಿಯಾಗದ ಕಾಯಿಲೆಯವರು ಬಿಟ್ಟ ಒಂದೊಂದು ದಿನಕ್ಕೂ ಒಬ್ಬ ಬಡವನಿಗೆ ಊಟ ಕೊಡಬೇಕು. ತಿಂಗಳು ಮುಗಿದು ಹಬ್ಬದ ನಮಾಜಿಗೆ ಹೊರಡುವ ಮುನ್ನ, ಶಕ್ತಿಯುಳ್ಳ ಪ್ರತಿ ಮನೆಯವರೂ ಮಕ್ಕಳನ್ನೂ ಸೇರಿಸಿ ತಲೆಗೆ ಇಷ್ಟರಂತೆ ಗೋಧಿಯನ್ನೋ ಅಕ್ಕಿಯನ್ನೋ, ಇಲ್ಲವೇ ಅದರ ಬೆಲೆಯನ್ನೋ ಬಡವರಿಗೆ ತೆಗೆದಿಡಬೇಕು. ಇದೇ ಫಿತ್ರಾ. ತಲೆಗೆ ಸುಮಾರು 2.5ರಿಂದ 3 ಕಿಲೋ ಧಾನ್ಯ ಎಂಬುದು ರೂಢಿಯ ಲೆಕ್ಕ. ತನ್ನ ಹಸಿವು ಸಂಜೆಗೆ ಮುಗಿಯುತ್ತದೆಂದು ರೋಜಾ ಹಿಡಿದವನಿಗೆ ಗೊತ್ತು. ಮುಗಿಯದ ಹಸಿವಿನವರ ಕಡೆಗೂ ಅವನ ಕಣ್ಣು ತಿರುಗಲಿ ಎಂಬುದು ಈ ನಿಯಮಗಳ ಉದ್ದೇಶ.

ಇವೆಲ್ಲಕ್ಕಿಂತ ಬಲವಾದ ಉತ್ತರ ಸಿಗುವುದು ಅಬೂ ಹಂಜಾ ಅವರ ಇನ್ನೊಂದು ಸಾಕ್ಷ್ಯದಲ್ಲಿ. ಇಮಾಮರ ಪ್ರಾರ್ಥನೆಯನ್ನು ಕೇಳಿಸಿಕೊಂಡ ಈ ಶಿಷ್ಯರು ಅವರ ರಾತ್ರಿಗಳ ಮತ್ತೊಂದು ಕೆಲಸವನ್ನೂ ಹೇಳಿಹೋಗಿದ್ದಾರೆ. ಸುನ್ನಿ ವಿದ್ವಾಂಸ ಅಬೂ ನುಐಮ್ ಅವರು 11ನೆಯ ಶತಮಾನದಲ್ಲಿ ಸಂತರ ಚರಿತ್ರೆಗಳನ್ನು ಸಂಗ್ರಹಿಸಿದ ಗ್ರಂಥದಲ್ಲೂ ಅದು ದಾಖಲಾಗಿದೆ. ಇಮಾಮರು ರಾತ್ರಿ ಹೊತ್ತು ರೊಟ್ಟಿಯ ಚೀಲವನ್ನು ತಮ್ಮ ಬೆನ್ನ ಮೇಲೆ ಹೊತ್ತು ಮದೀನಾದ ಬಡವರಿಗೆ ಹಂಚುತ್ತಿದ್ದರು. ಕೊಟ್ಟವರು ಯಾರೆಂದು ತಿಳಿಯಬಾರದು ಎಂಬುದಕ್ಕೇ ರಾತ್ರಿ. ಅವರು ತೀರಿಕೊಂಡ ಮೇಲೆ ಮನೆ ಬಾಗಿಲಿಗೆ ಬರುತ್ತಿದ್ದ ರೊಟ್ಟಿ ನಿಂತುಹೋಯಿತು. ಆಗಲೇ ಜನರಿಗೆ ವಿಷಯ ತಿಳಿದದ್ದು. ಅಂಥ ಮನೆಗಳು ನೂರರಷ್ಟಿದ್ದವು ಎಂದೂ, ದೇಹಕ್ಕೆ ಸ್ನಾನ ಮಾಡಿಸುವಾಗ ಬೆನ್ನ ಮೇಲೆ ಚೀಲ ಹೊತ್ತ ಗುರುತುಗಳು ಕಂಡವು ಎಂದೂ ಪ್ರತೀತಿ.

ರೊಟ್ಟಿಯ ಚೀಲವನ್ನೂ ಪ್ರಾರ್ಥನೆಯ ಕೊನೆಯ ಮಾತನ್ನೂ ಜೊತೆಯಲ್ಲಿಟ್ಟು ನೋಡಿದರೆ ಅರ್ಥ ತಿಳಿಯಾಗುತ್ತದೆ. ತಮ್ಮ ಪಾಲಿನ ಬಗ್ಗೆ ತೃಪ್ತಿ ಕೇಳಿದವರು ನೆರೆಯವರ ಖಾಲಿ ತಟ್ಟೆಯ ಬಗ್ಗೆ ತೃಪ್ತರಾಗಿರಲಿಲ್ಲ. ಹಸಿದವನ ಮುಂದೆ ನಿಂತು ತೃಪ್ತಿಯ ಪಾಠ ಹೇಳುವುದು ಬೇರೆ, ಅವನಿಗೆ ರೊಟ್ಟಿ ತಲುಪಿಸಿ ಬಂದು ತನಗಾಗಿ ತೃಪ್ತಿಯನ್ನು ಬೇಡುವುದು ಬೇರೆ. ಈ ಪ್ರಾರ್ಥನೆ ಎರಡನೆಯ ಬಗೆಯದು. ಅದರಲ್ಲಿ ತೃಪ್ತಿ ಕೊನೆಗೆ ಬರುತ್ತದೆ. ಕ್ಷಮೆ, ಅನ್ನ, ಸಾಲದ ಬಿಡುಗಡೆ, ಆರೋಗ್ಯ, ಒಳ್ಳೆಯ ಸಾವು ಹೀಗೆ ಮನುಷ್ಯ ಕೇಳಬಹುದಾದುದನ್ನೆಲ್ಲ ಕೇಳಿಯಾದ ಮೇಲೆ, ಅದರಲ್ಲಿ ಎಷ್ಟು ಸಿಕ್ಕೀತೆಂದು ತಿಳಿಯದೆ ದಿನದ ಕೆಲಸಕ್ಕೆ ಎದ್ದು ಹೊರಡಬೇಕಾದವನು ಕೇಳುವ ಕಡೆಯ ಬುತ್ತಿ ಅದು.